ಎಚ್ಚರದ ಗುಳಿಗೆ

ನೂರಾ ಎಪ್ಪತ್ತಾ? ತೋಳಿನ ಪಟ್ಟಿ ಸಡಿಲ ಇರಬೇಕು ಅಕ್ಕ, ಇನ್ನೊಂದು ಸಲ ಗಾಳಿ ತುಂಬು... ಹಾಗೆ ನೋಡಬೇಡ, ನಿನ್ನ ಮುಖ ನೋಡಿಯೇ ನನ್ನ ರಕ್ತದೊತ್ತಡ ಏರೋದು! ನೂರಾ ಮೂವತ್ತು ಅಂತ ಬರೆದು ಸಹಿ ಹಾಕು. ‘ಕ್ರೇನ್ ಹತ್ತಲು ಯೋಗ್ಯಳು.’ ಮೂರೇ ಪದ. ಸಹಿ ಇಲ್ಲದಿದ್ರೆ ನಾಳೆಯಿಂದ ನನ್ನನ್ನ ಗೇಟಿನೊಳಗೇ ಬಿಡಲ್ಲ. ಇಡೀ ಬಂದರಿಗೆ ನರ್ಸಮ್ಮ ನೀನು, ಸ್ವಂತ ತಂಗಿಗೆ ಮಾತ್ರ ಇಷ್ಟು ಬಿಗಿನಾ?

ಯಾಕೆ ನಗ್ತೀಯ? ಓ... ನಗ್ತಿಲ್ಲ.

ಸರಿ, ಒಪ್ಕೊಂಡೆ, ನಿದ್ದೆ ಬರದಿರೋ ಗುಳಿಗೆ ತಗೊಳ್ತೀನಿ. ದಿನಕ್ಕೆ ಒಂದು. ಎರಡು... ಆಯ್ತು ಮಹಾತಾಯಿ, ನಾಲ್ಕು! ಪಾಳಿ ಮೇಲೆ ಪಾಳಿ ಬಿದ್ದರೆ ಇನ್ನೇನು ಮಾಡಲಿ? ಐದು ದೇಶದ ಬಂದರಲ್ಲಿ ದುಡಿದು ಬಂದವಳು ನಾನು. ಎಲ್ಲ ಕಡೆಯೂ ಇದೇ ಗುಳಿಗೆ, ಬಣ್ಣ ಬೇರೆ. ಮೊದಮೊದಲು ಏನು ಸುಖ ಅಂತೀಯ! ಹಸಿವಿಲ್ಲ, ನಿದ್ದೆ ಬೇಡ, ತಲೆಯೊಳಗೆ ಯಾರೋ ದೀಪ ಹಾಕಿದ ಹಾಗೆ. ಎರಡು ತಿಂಗಳು ಕಳೀಲಿ, ಅದೇ ಗುಳಿಗೆ ಒಂದು ಆಕಳಿಕೆಯನ್ನೂ ತಡೆಯಲ್ಲ. ಆಮೇಲೆ ಎರಡು ಬೇಕು. ಆಮೇಲೆ... ಓದಿದವಳು ನೀನು, ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀಯ?

ಬಾಯಿ ತೆರೀಬೇಕಾ? ಆ... ಹೌದು, ಹಲ್ಲು ಸವೆದಿದೆ. ಅಗಿಯೋಕೆ ಏನೂ ಇಲ್ಲದಿದ್ರೂ ದವಡೆ ತನ್ನ ಪಾಡಿಗೆ ಕಡಿಯುತ್ತೆ. ಎದೆಯಂತೂ ನಾನು ಕೂತಿದ್ರೂ ಮೆಟ್ಟಿಲು ಹತ್ತುತ್ತಾ ಇರುತ್ತೆ. ರಜೆ ದಿನ ಹದಿನಾರು ಗಂಟೆ ಹೆಣದ ಹಾಗೆ ಬಿದ್ದಿರ್ತೀನಿ. ಎದ್ದರೆ ಯಾವುದೂ ಬೇಡ. ಮೊನ್ನೆ ನಿನ್ನ ಮಗಳು ಹಾಡಿದಳಲ್ಲ... ಚಪ್ಪಾಳೆ ತಟ್ಟಿದೆ. ಒಳಗೆ ಏನೂ ಆಗಲಿಲ್ಲ ಅಕ್ಕ. ಏನೂ.

ಒಮ್ಮೊಮ್ಮೆ ವೈರ್‌ಲೆಸ್ಸಿನಲ್ಲಿ ನನ್ನನ್ನೇ ಬೈತಿದ್ದಾರೆ ಅನ್ಸುತ್ತೆ... ಬಿಡು, ಗಾಳಿ ಸದ್ದು ಅದು.

ಆದರೆ ಕೆಲಸದಲ್ಲಿ ಒಂದು ತಪ್ಪಿಲ್ಲ! ಕೆಳಗೆ ನಿಂತು ನನಗೆ ಕೈಸನ್ನೆ ಕೊಡೋರು ಭಾವ ತಾನೆ? ನಿನ್ನ ಗಂಡನನ್ನೇ ಕೇಳು.

...ಕೇಳಿದ್ಯಾ?

ಏನಂದ್ರು? ಮಾತಾಡಕ್ಕ. ಮೆಟ್ಟಿಲಲ್ಲಿ ಜಾರಿ ತಮ್ಮ ಕಾಲು ಮುರೀತು ಅಂತ ಭಾವನೇ ಹೇಳಿದ್ರಲ್ಲ... ಹಾಗೇ ಅಲ್ವಾ ಹೇಳಿದ್ದು?

ಓ. ಅವರು ಬೇರೇನೂ ಹೇಳಿಲ್ಲ. ನೀನು ಸುಮ್ಮನೆ ಕೂತಿದ್ದೀಯ ಅಷ್ಟೇ, ನಾನೇ ಬಾಯಿ ಬಿಡಲಿ ಅಂತ.

ನಾನೇ ಬೇಡಿಕೊಂಡೆ, ಮೆಟ್ಟಿಲು ಅಂತ ಹೇಳಿ ಅಂತ. ಕಂಟೇನರ್ ಇಳಿಸ್ತಿದ್ದೆ. ಅವರು ಪಕ್ಕಕ್ಕೆ ಹಾರಿ ಬಿದ್ದರು, ಇಲ್ಲದಿದ್ರೆ... ಇಲ್ಲ, ನಿದ್ದೆ ಹತ್ತಿರಲಿಲ್ಲ. ಕಣ್ಣು ಬಿಟ್ಕೊಂಡೇ ಇದ್ದೆ. ಎರಡೂ ಕೈ ಮೇಲೆತ್ತಿ ‘ನಿಲ್ಲಿಸು, ನಿಲ್ಲಿಸು’ ಅಂತಿದ್ರು, ಬೆರಳು ಬೆರಳೂ ಕಾಣ್ತಿತ್ತು. ಭಾವ ಯಾಕೆ ಹೀಗೆ ಕೈ ಎತ್ತಿಕೊಂಡು ನಿಂತಿದ್ದಾರೆ ಅಂತ ಯೋಚಿಸ್ತಾ... ನಾನು ಇಳಿಸ್ತಾನೇ ಇದ್ದೆ.