ರದ್ದು ಮಾಡುವ ಸಾಧನದ ವಿವರಣೆ

ಟ್ಯೂನಿಸ್‌ನಿಂದ ಮಾರ್ಸಾ ಕಡೆಗೆ ಹೊರಟ ಬೆಳಗಿನ ರೈಲಿನಲ್ಲಿ ನನ್ನೆದುರು ಇಬ್ಬರು ಹೆಂಗಸರು ಕುಳಿತಿದ್ದರು. ಹಿರಿಯಳು ಓಲ್ಫಾ. ಕಿರಿಯಳು ಯುಸ್ರಾ, ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದಿದ್ದಳು. ಕಣ್ಣಾಸ್ಪತ್ರೆಯೊಂದರಲ್ಲಿ ರೋಗಿಗಳ ಸಂದೇಶಗಳಿಗೆ ಉತ್ತರಿಸುವ ಎಐ ಸಹಾಯಕವನ್ನು ರೂಪಿಸಿದವರು ಇವರೇ ಎಂದು ಮಾತಿನಿಂದ ತಿಳಿಯಿತು.

"ಆ ರೋಗಿ ಅಜ್ಜಿ ಕೇಳಿದ್ದು, ಡಾಕ್ಟರನ್ನ ನೋಡೋ ನನ್ನ ಸರದಿ ಇವತ್ತೇ ತಾನೇ ಅಂತ. ನಮ್ಮ ಸಹಾಯಕ ಸೀದಾ ಸರದಿನೇ ರದ್ದು ಮಾಡಿಬಿಟ್ಟಿದೆ ಕಣೇ!" ಎಂದಳು ಓಲ್ಫಾ.

"ನಾನೇನ್ ಮಾಡ್ಲಿ ಅಕ್ಕಾ? ಅದಕ್ಕೆ ಬುದ್ಧಿ ಬೇಡ್ವಾ?"

"ಯಾವ ಕೆಲಸಕ್ಕೆ ಯಾವ ಸಾಧನ ಅಂತ ಅದು ನಾವು ಬರೆದ ವಿವರಣೆ ಓದಿ ತಾನೇ ಆರಿಸೋದು? ರದ್ದು ಮಾಡೋ ಸಾಧನಕ್ಕೆ ನೀನು ಏನು ವಿವರಣೆ ಬರೆದಿದ್ದೆ? ಓದು."

"'ಸರದಿಗಳನ್ನು ನೋಡಿಕೊಳ್ಳುತ್ತದೆ.'"

"ಆಹಾ! ಅದನ್ನ ಓದಿದ್ರೆ ನಾನೂ ಆ ಸಾಧನವನ್ನೇ ಬಳಸ್ತಿದ್ದೆ. ಇವತ್ತೇ ಕೆಲಸಕ್ಕೆ ಸೇರಿದವಳಿಗೆ ಹೇಳೋ ಹಾಗೆ ಬರಿ."

ಯುಸ್ರಾ ಟೈಪ್ ಮಾಡುತ್ತಾ ಓದಿದಳು. "'ಸರದಿಯನ್ನು ರದ್ದು ಮಾಡುತ್ತದೆ. ರೋಗಿಯೇ ಬೇಡ ಎಂದಾಗ ಮಾತ್ರ ಬಳಸು.'"

"ಬರೀ ದಿನ ಕೇಳಿದ್ರೆ?"

"'ದಿನ ಕೇಳಿದರೆ ಇದನ್ನು ಮುಟ್ಟಬೇಡ, ಹುಡುಕುವ ಸಾಧನ ಬಳಸು.' ಇರು, ಅಜ್ಜಿ ಪ್ರಶ್ನೆಯನ್ನೇ ಮತ್ತೆ ಹಾಕ್ತೀನಿ... ಅಕ್ಕಾ, ಹುಡುಕ್ತು! ರದ್ದು ಮಾಡ್ಲಿಲ್ಲ!"

"ಕುಣಿಬೇಡ. ಅಜ್ಜಿ ದೂರದ ಝಗ್ವಾನ್ ಊರಿನಿಂದ ಎರಡು ಬಸ್ ಹತ್ತಿ ಬಂದು ಆಸ್ಪತ್ರೆ ಬೆಂಚಿನ ಮೇಲೆ ಕೂತಿದಾರೆ."

"ಅಯ್ಯೋ! ಡಾಕ್ಟರ್?"

"ಮಧ್ಯಾಹ್ನದ ಊಟ ಬಿಟ್ಟು ಅಜ್ಜಿಯನ್ನ ನೋಡ್ತಾರಂತೆ. ನೀನು ಹೋಗಿ ಕ್ಷಮೆ ಕೇಳು."

"ಯಂತ್ರ ತಪ್ಪು ಮಾಡ್ತು ಅಂತ್ಲಾ?"

"ನಾನು ತಪ್ಪು ಬರೆದೆ ಅಂತ. ಆಸ್ಪತ್ರೆ ಗೇಟಿನ ಹತ್ತಿರ ಮೈದಾಹಿಟ್ಟಿನ ಬಿಸಿ ಬಂಬಲೂನಿ ಕರೀತಿರ್ತಾರೆ, ಒಂದು ಕೊಡ್ಸು."

"ಸಕ್ಕರೆ ಹಾಕಿಸ್ಲಾ?"

"ಅಜ್ಜಿಯನ್ನ ಕೇಳು ಮಾರಾಯ್ತಿ. ಕೇಳದೆ ಏನೂ ಮಾಡ್ಬೇಡ!"

ರೈಲು ನಿಂತಿತು. ಯುಸ್ರಾ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಒತ್ತಿಕೊಂಡು, ಓಲ್ಫಾಳಿಗಿಂತ ಮೊದಲೇ ಇಳಿದು ಓಡಿದಳು.