ಫ್ರೇಮಿಗೆ ಕಾಲು ಇಂಚು

ನಾಲ್ಕು ಗಂಟೆಗೆ ಉದ್ಘಾಟನೆ ಎಂದು ಆಮಂತ್ರಣದಲ್ಲಿ ಅಚ್ಚಾಗಿತ್ತು. ಮಳೆಗೆ ಆಮಂತ್ರಣ ಹೋಗಿರಲಿಲ್ಲ. ಆದರೂ ಅದು ಮೂರೂವರೆಗೇ ಬಂದು, ಹೋಗುವ ಬದಲು ಕರೆಂಟನ್ನು ಕಳಿಸಿಬಿಟ್ಟಿತ್ತು. ಮುಖ್ಯ ಅತಿಥಿಗಳ ಕಾರು ಪರ್ಕಳದ ಹತ್ತಿರ ನೀರಿನಲ್ಲಿ ಸಿಕ್ಕಿಕೊಂಡಿದೆ ಎಂದು ಫೋನು ಬಂದಾಗ, ಮಣಿಪಾಲದ ಆ ಎರಡನೇ ಮಹಡಿಯ ಗ್ಯಾಲರಿಯಲ್ಲಿ ಏಳು ಮಂದಿ ಕಲಾವಿದರ ನಲವತ್ತು ಚಿತ್ರಗಳು ಕತ್ತಲಲ್ಲಿ ಸುಮ್ಮನೆ ತೂಗುತ್ತಿದ್ದವು. ಗ್ಯಾಲರಿಯ ಯಜಮಾನಿ ಡಿಂಪಲ್ ಇನ್ವರ್ಟರನ್ನು ಅತಿಥಿಗಳ ಭಾಷಣಕ್ಕೆಂದು ಉಳಿಸಿಕೊಂಡಿದ್ದಳು. ಯಾರೂ ಕೊಳ್ಳದ ಮೂರು ಚಿತ್ರಗಳಿಗೆ ಆಗಲೇ 'ಮಾರಾಟವಾಗಿದೆ' ಎಂಬ ಕೆಂಪು ಚುಕ್ಕಿ ಅಂಟಿಸಿದ್ದಳು. ನೋಡುವವರಿಗೆ ಧೈರ್ಯ ಬರಲಿ ಎಂದು.

ಮೆಲಿಷಾ ತನ್ನ ಎರಡು ಚಿತ್ರಗಳ ಕೆಳಗೆ ಕುರ್ಚಿ ಎಳೆದುಕೊಂಡು ಕೂತಿದ್ದಳು. ಅದು ಅವಳ ಮೊದಲ ಪ್ರದರ್ಶನ. ಬೆಳ್ಮಣ್‌ನಿಂದ ದಿನಾ ಬಸ್ಸು ಹಿಡಿದು ಬಂದು ಗುಣಪಾಲ ಸರ್ ಹತ್ತಿರ ಮೂರು ವರ್ಷ ಕಲಿತದ್ದಕ್ಕೆ ಸಿಕ್ಕಿದ ಗೋಡೆ. ಮೂರನೆಯ ಚಿತ್ರವೂ ಇತ್ತು; ಅವಳ ಮಟ್ಟಿಗೆ ಅದೇ ಒಳ್ಳೆಯದು. "ಅದಕ್ಕೆ ಜಾಗವಿಲ್ಲ ಮಗಾ, ನನ್ನ ಹತ್ತಿರವೇ ಇರಲಿ" ಎಂದಿದ್ದರು ಸರ್. ಅವರೀಗ ಕೊಡೆ ಹಿಡಿದು ಅತಿಥಿಗಳಿಗಾಗಿ ಕೆಳಗೆ ಗೇಟಿನಲ್ಲಿ ನಿಂತಿದ್ದರು. ಎದುರಿನ ಗೋಡೆಯಲ್ಲಿ ಅವರ ಹೊಸ ಕೃತಿ ಬಿಳಿ ಬಟ್ಟೆ ಹೊದ್ದು, ಅನಾವರಣಕ್ಕೆ ಕಾಯುತ್ತಿತ್ತು.

"ಪೊರ್ಬುಗಳೇ, ಹೀಗೆ ಕೂತರೆ ಗೋಳಿಬಜೆ ಮಾತ್ರ ಖಾಲಿಯಾಗುವುದು. ಒಂದು ಕತೆಯಾದರೂ ಹೇಳಿ" ಎಂದ ರಿಯಾಝ್, ಕಾಪುವಿನ ದೋಣಿಗಳನ್ನು ಬಿಟ್ಟು ಬೇರೇನನ್ನೂ ಬರೆಯದವನು.

ಊರಿನ ಕ್ರೈಸ್ತ ಹಿರಿಯರನ್ನು ಕರೆಯುವ ಹಾಗೆ 'ಪೊರ್ಬು' ಎಂದು ಅವನು ಕೇಳಿದ್ದು ಮ್ಯಾಕ್ಸಿಮ್ ಅವರನ್ನು. ಎಪ್ಪತ್ತಾರು ವರ್ಷ. ಉಡುಪಿಯಲ್ಲಿ ಚಿತ್ರಗಳಿಗೆ ಫ್ರೇಮ್ ಹಾಕುವ ಅಂಗಡಿ. ಆ ಗೋಡೆಗಳ ನಲವತ್ತಕ್ಕೂ ಅವರದೇ ಚೌಕಟ್ಟು. ಬೆಳಗ್ಗಿನಿಂದ ಅವರು ಬಲಗೈಯನ್ನು ಪ್ಯಾಂಟಿನ ಕಿಸೆಯಿಂದ ಹೊರಗೆ ತೆಗೆದಿರಲಿಲ್ಲ; ಚಹಾವನ್ನೂ ಎಡಗೈಯಲ್ಲೇ ಕುಡಿದಿದ್ದರು.

"ಕತೆ ಬೇಕಾ?" ಎಂದರು. ಮಾತು ರಿಯಾಝ್‌ಗೆ, ಕಣ್ಣು ಮೆಲಿಷಾಳ ಮೇಲೆ. "ಹೇಳುತ್ತೇನೆ. ನಗಬಾರದು ಮತ್ತೆ."

ಮಳೆಯ ಸದ್ದಿಗೆ ಎಲ್ಲರೂ ಕುರ್ಚಿ ಹತ್ತಿರ ಎಳೆದುಕೊಂಡರು.

"ಫ್ರೇಮಿಗೆ ಹಸಿವುಂಟು, ಗೊತ್ತುಂಟಾ? ನೀವು ಎಷ್ಟೇ ದೊಡ್ಡ ಚಿತ್ರ ಬರೆಯಿರಿ, ನಾಲ್ಕೂ ಬದಿಯಲ್ಲಿ ಕಾಲು ಇಂಚು ಅದು ತಿಂದೇ ತಿನ್ನುತ್ತದೆ, ಇಲ್ಲದಿದ್ದರೆ ಚಿತ್ರ ಅದರಲ್ಲಿ ನಿಲ್ಲುವುದು ಹೇಗೆ? ಹಾಗಾಗಿ ಬುದ್ಧಿ ಇರುವವರು ಸಹಿಯನ್ನು ಸ್ವಲ್ಪ ಒಳಗೆ ಹಾಕುತ್ತಾರೆ... ಬುದ್ಧಿ ಇಲ್ಲದ ಒಬ್ಬಳಿದ್ದಳು, ಸೆಲೀನ್ ಅಂತ. ಶಂಕರಪುರದವಳು. ಬೆಳಿಗ್ಗೆ ಮಲ್ಲಿಗೆ ಕಟ್ಟುವುದು, ಮಧ್ಯಾಹ್ನ ಚಿತ್ರ ಬರೆಯುವುದು. ಹೆಸರು ಬರೆಯುತ್ತಿರಲಿಲ್ಲ ಮಾರಾಯ! ಬಲಬದಿಯ ತುದಿಗೆ ಒಂದು ಗಂಟು. ಹೂ ಕಟ್ಟುವ ಬಾಳೆನಾರಿನ ಗಂಟು... ಎರಡು ಸುತ್ತು, ಒಂದು ಬಿಗಿ. ಎಂತ ಹುಡುಗಿ ಇದು ಅಂತ ಕೇಳಿದರೆ, 'ಹೆಸರು ಯಾರೂ ಬರೆಯಬಹುದು ಅಂಕಲ್, ಗಂಟು ಕಟ್ಟಿದ ಕೈಗೇ ಗೊತ್ತು' ಎನ್ನುತ್ತಿದ್ದಳು.

"ಒಂಬತ್ತು ವರ್ಷವಾಯಿತು. ಹೀಗೇ ಮಳೆಗಾಲ. ಇಲಿಜ್ವರ ಅಂತ ಆಸ್ಪತ್ರೆಗೆ ಹೋದವಳು ಬರಲಿಲ್ಲ. ತಾಯಿ ಅಪೊಲೋನಿಯಾ ಇದ್ದಬದ್ದ ಹನ್ನೊಂದು ಚಿತ್ರಗಳನ್ನೂ ಹಳೆ ಸೀರೆಯಲ್ಲಿ ಸುತ್ತಿ, ಕಲಿಸಿದ ಮೇಷ್ಟ್ರ ಕೈಗೆ ಕೊಟ್ಟಳು, ನಾಲ್ಕು ಜನ ನೋಡುವ ಹಾಗೆ ಮಾಡಿ ಅಂತ. ಮೇಷ್ಟ್ರು ಮಾಡಿದರು. ಇದೇ ಗ್ಯಾಲರಿ, ಇದೇ ಗೋಡೆ. ಕೆಳಗಿನ ಚೀಟಿಯಲ್ಲಿ ಹೆಸರು ಮಾತ್ರ... ಮೇಷ್ಟ್ರದು."

"ಯಾರು ಆ ಮೇಷ್ಟ್ರು?" ಡಿಂಪಲ್ ಕೇಳಿದಳು. ಆಗ ಗ್ಯಾಲರಿ ಅವಳ ಕೈಗೆ ಬಂದಿರಲಿಲ್ಲ.

"ಕೇಳು ಮೊದಲು. ಫ್ರೇಮಿಗೆ ತಂದಾಗ ನನಗೆ ಒಂದೇ ಮಾತು ಹೇಳಿದ್ದು. 'ಮ್ಯಾಕ್ಸಿಮ್, ಬಲಬದಿ ಸ್ವಲ್ಪ ಹೆಚ್ಚು ತಿನ್ನಿಸಿ.' ನಾನು ಯಾಕೆ ಅಂತ ಕೇಳಲಿಲ್ಲ. ಕೇಳಿದರೆ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಮಾಡುವ ಹಾಗಿಲ್ಲ, ಅಲ್ವಾ? ಹನ್ನೊಂದು ಗಂಟನ್ನೂ ಮರದ ಕೆಳಗೆ ಹಾಕಿ ಮೊಳೆ ಹೊಡೆದೆ. ಉದ್ಘಾಟನೆಗೆ ಅಪೊಲೋನಿಯಾ ಬಂದಳು. ಚಿತ್ರ ನೋಡಲಿಲ್ಲ ಅವಳು... ಅಂಚಿನ ಮೇಲೆ ಬೆರಳಿಟ್ಟು ಕೇಳಿದಳು, 'ಇಲ್ಲಿ ಎಂತದೋ ಇತ್ತಲ್ಲ ಮ್ಯಾಕ್ಸಿಮ್?' ಎಂತದೂ ಇಲ್ಲ ಎಂದೆ. ಸಂಜೆಯೊಳಗೆ ಮೂರು ಸಲ ಕೇಳಿದಳು, ಮೂರು ಸಲವೂ ಇಲ್ಲ ಎಂದೆ. ಗುರುವನ್ನೇ ಅರಿಯೆನೆಂದ ಬೈಬಲಿನ ಶಿಷ್ಯನ ಹಾಗೆ. ಕೋಳಿ ಕೂಗಲಿಲ್ಲ, ಅಷ್ಟೆ."

ರಿಯಾಝ್ ಗೋಳಿಬಜೆಯ ತಟ್ಟೆಯನ್ನು ಕೆಳಗಿಟ್ಟ.

"ಹದಿನೈದು ದಿನಕ್ಕೆ ಅಂಬಲಪಾಡಿಯ ಡಾಕ್ಟರೊಬ್ಬರು ತಾವು ಕೊಂಡ ಚಿತ್ರ ಹಿಡಿದುಕೊಂಡು ಅಂಗಡಿಗೆ ಬಂದರು. ಮೂಲೆಯಲ್ಲಿ ಕಲೆಯಾಗಿದೆ ಅಂತ. ನೋಡುತ್ತೇನೆ... ಗಂಟು! ಫ್ರೇಮಿನಿಂದ ಒಂದಿಂಚು ಈಚೆ ಬಂದು ಕೂತಿದೆ. ಕ್ಯಾನ್ವಾಸ್ ಜಾರಿರಬೇಕು ಅಂತ ಬಿಚ್ಚಿದೆ. ಕೂದಲಷ್ಟೂ ಜಾರಿರಲಿಲ್ಲ. ಇನ್ನೂ ಅಗಲದ ಪಟ್ಟಿ ಹಾಕಿದೆ. ತಿಂಗಳಿಗೆ ಮತ್ತೆ ಬಂತು, ಗಂಟು ಇನ್ನೂ ಒಳಗೆ! ಈಗ ಮಲ್ಲಿಗೆಯ ಪರಿಮಳ ಬಂತಾ ಅಂತ ಕೇಳುತ್ತೀರಿ ನೀವು. ಇಲ್ಲ. ಎಂತದೂ ಬರಲಿಲ್ಲ. ಮೂರನೇ ಸಲ ಮೊಳೆ ಹೊಡೆಯುವಾಗ ಬೆರಳಿಗೆ ಎಂತದೋ ಸುತ್ತಿದ ಹಾಗಾಯಿತು... ಒದ್ದೆ ನಾರು. ನೋಡಿದರೆ ಇಲ್ಲ. ಬಿಗಿ ಮಾತ್ರ ಇವತ್ತಿಗೂ ಉಂಟು."

ಮ್ಯಾಕ್ಸಿಮ್ ಕಿಸೆಯಿಂದ ಕೈ ತೆಗೆದರು. ರಿಯಾಝ್ ಮೊಬೈಲಿನ ಬೆಳಕು ಹಾಕಿದ. ತೋರುಬೆರಳಿನ ಬುಡದಲ್ಲಿ ಎರಡು ಸುತ್ತಿನ ಗೀರು ಮಾಂಸಕ್ಕೆ ಇಳಿದಿತ್ತು. ಅದರಿಂದ ಮೇಲಕ್ಕೆ ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

"ಅಯ್ಯೋ, ಆಸ್ಪತ್ರೆ ಇಲ್ಲೇ ಉಂಟಲ್ಲ ಪೊರ್ಬುಗಳೇ!"

"ತೋರಿಸಿದ್ದೇನೆ ಮಾರಾಯ. ಎಂತ ಕಟ್ಟಿದ್ದೀರಿ, ಬಿಚ್ಚಿ ಅಂತ ಅವರು ನನಗೇ ಹೇಳುತ್ತಾರೆ." ಅವರು ಮೆಲಿಷಾಳ ಕಡೆ ತಿರುಗಿದರು. "ಬಾಯ್, ಮಗಳೇ, ನಿನ್ನ ಮೂರನೆಯದು ಎಂತ ಚಿತ್ರ?"

"ಬಸ್ಸು" ಎಂದಳು ಮೆಲಿಷಾ. "ಬೆಳ್ಮಣ್ ಬಸ್ಸಿನ ಹಿಂದಿನ ಸೀಟು. ಒದ್ದೆ ಕೊಡೆಗಳು. ಯಾಕೆ ಅಂಕಲ್?"

"ಸಹಿ ಹಾಕಿದ್ದೀಯಲ್ಲ?"

"ಬಲಬದಿಯಲ್ಲಿ, ಕೆಳಗೆ."

ಮ್ಯಾಕ್ಸಿಮ್ ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡರು. "ಒಂಬತ್ತು ವರ್ಷ ಮೇಷ್ಟ್ರು ಆ ಮಾತು ಆಡಿರಲಿಲ್ಲ. ಮೊನ್ನೆ ಪುನಃ ಆಡಿದರು... ಬಲಬದಿ ಸ್ವಲ್ಪ ಹೆಚ್ಚು ತಿನ್ನಿಸಿ. ನಾನು ಪುನಃ ಕೇಳಲಿಲ್ಲ."

ಮೆಲಿಷಾ ಎದುರಿನ ಬಿಳಿ ಬಟ್ಟೆಯನ್ನು ನೋಡಿದಳು. ಅದರ ಕೆಳಗಿನ ಚೀಟಿಯನ್ನು ಮಧ್ಯಾಹ್ನ ಅವಳೇ ಅಂಟಿಸಿದ್ದಳು, ಗಾಳಿಗುಳ್ಳೆ ಬರದ ಹಾಗೆ ಉಗುರಿನಿಂದ ಒತ್ತಿ: 'ಪ್ರಯಾಣ. ಗುಣಪಾಲ.' ಬಟ್ಟೆಯ ಹಿಂದೆ ಏನಿದೆ ಎಂದು ಆಗ ಕೇಳಿದ್ದಕ್ಕೆ ಸರ್ ನಕ್ಕು ತಲೆ ಸವರಿದ್ದರು.

"ನಾನು ಇಲ್ಲೇ ಇರುತ್ತೇನಲ್ಲ" ಎಂದಳು. "ನನ್ನ ಕಣ್ಣೆದುರೇ..."

"ನೀನು ಬಾಯಿ ಬಿಡುವುದಿಲ್ಲ ಅಂತ ಅವರಿಗೆ ಗೊತ್ತುಂಟು. ಗೋಡೆ ಕೊಡಿಸಿದ್ದು ಅವರಲ್ವಾ? ನಾನು ಬಿಟ್ಟೆನಾ?"

ಆಗ ಕೆಳಗೆ ಕಾರಿನ ಹಾರ್ನ್ ಕೇಳಿತು. ಡಿಂಪಲ್ ಅಭ್ಯಾಸಬಲದಿಂದ ಎದ್ದು ಹೋಗಿ ಇನ್ವರ್ಟರ್ ಹಾಕಿದಳು. ಬಟ್ಟೆ ಹೊದ್ದ ಒಂದನ್ನು ಬಿಟ್ಟು ಎಲ್ಲ ಚಿತ್ರಗಳೂ ಒಮ್ಮೆಲೇ ಕಣ್ಣು ಬಿಟ್ಟವು. ಮೆಟ್ಟಿಲಲ್ಲಿ ಗುಣಪಾಲರ ಸ್ವರ ಕೇಳಿತು: "ಬನ್ನಿ ಬನ್ನಿ ಸಾರ್, ನಮ್ಮ ಮಕ್ಕಳೆಲ್ಲ ನಿಮಗೇ ಕಾಯುತ್ತಿದ್ದಾರೆ." ಮೆಲಿಷಾ ಮೂರೇ ಹೆಜ್ಜೆಯಲ್ಲಿ ಎದುರಿನ ಗೋಡೆ ತಲುಪಿ ಬಟ್ಟೆಯ ತುದಿ ಹಿಡಿದಳು.

"ಬೇಡ ಬಾಯ್" ಎಂದರು ಮ್ಯಾಕ್ಸಿಮ್, ಕೂತಲ್ಲಿಂದಲೇ, ಮೆಲ್ಲಗೆ. "ಆ ಅತಿಥಿಯೇ ಎತ್ತಲಿ, ಎಲ್ಲರೂ ನೋಡುವಾಗ. ನಿನ್ನ ಹೆಸರನ್ನು ನಾನು ಮುಕ್ಕಾಲು ಇಂಚು ಒಳಗೆ ಹಾಕಿ ಹೊಡೆದಿದ್ದೆ... ಬೆಳಿಗ್ಗೆ ತೂಗುಹಾಕುವಾಗ ಮರದ ಅಂಚಿನಲ್ಲಿ ಎರಡು ಅಕ್ಷರ ಹೊರಗೆ ಬಂದಿತ್ತು. ನೋಡಿದವನೇ ಬಟ್ಟೆ ಹಾಕಿದೆ. ಆಗಿನಿಂದ ಈ ಬೆರಳು ಇನ್ನೂ ಇನ್ನೂ ಬಿಗಿಯುತ್ತಲೇ ಇತ್ತು."

ಅವರು ಕೈಯನ್ನು ಬೆಳಕಿಗೆ ಹಿಡಿದು, ಬೇರೆ ಯಾರದೋ ಕೈಯೆಂಬಂತೆ ತಿರುಗಿಸಿ ನೋಡಿದರು.

"ಈಗ ನಿಂತಿತು ನೋಡು. ನಿನ್ನ ಹೆಸರು ಪೂರ್ತಿ ಈಚೆ ಬಂದಿರಬೇಕು, ಸೆಲೀನ್ ಕಟ್ಟಿ ಮುಗಿಸಿದ್ದಾಳೆ."