ಕೆಮ್ಮು ನಿಂತ ಎರಡು ದಿನ

ಕನಕಪುರದಲ್ಲಿ ಬಸ್ಸು ಹತ್ತಿದ ಅತ್ತೆ ಸೊಸೆ ಮುಂದಿನ ಸೀಟಿನಲ್ಲಿ ಕೂತಿದ್ದರು. ಬೆಂಗಳೂರು ಹತ್ತಿರವಾದಾಗ ಅತ್ತೆ ಆಡಿದ ಮಾತು ಕೇಳಿ ಹಿಂದಿನ ಸೀಟಿನ ಭಾನುಪ್ರಿಯ ಮೊಬೈಲಿನ ಹಾಡು ನಿಲ್ಲಿಸಿದಳು.

“ಮಗೀಗೆ ಕೆಮ್ಮು ನಿಂತೈತೆ ಅಂತ ದೇವ್ರಿಗೆ ತುಪ್ಪದ ದೀಪ ಹಚ್ಚಿದ್ನಲ್ಲ, ನಯನಾ.”

“ನಿಂತಿರ್ನಿಲ್ಲ ಕಣತ್ತೆ. ಕೈಕಾಲಿಗೇ ಬಲ ಇಲ್ದಿದ್ ಮಗ, ಕೆಮ್ಮಾಕೆ ಎಲ್ಲಿಂದ ಬಲ ತರಾನು? ಕಫ ಎಲ್ಲಾ ಎದೇಲೇ ಕೂತ್ಕತು.”

“ದಿನಾ ಎರಡೊತ್ತು ನೀನು ಬೆನ್ನು ತಟ್ಟಿ ಕಫ ತೆಗೀತಿದ್ದೆ. ರೇಷ್ಮೆ ಹುಳ ಹಣ್ಣಾಗವೆ, ಗೂಡು ಕಟ್ಲಿ ಅಂತ ಚಂದ್ರಿಕೆ ತಟ್ಟೆಗೆ ಬುಡಾಕೆ ಬಾ, ಮಗ ಸುಮ್ನೆ ಮಲಗವ್ನೆ ಅಂತ ಕರ್ದೋಳು ನಾನು.”

“ಎರಡು ದಿನ ತಟ್ಟದೇ ಬುಟ್ಟೋಳು ನಾನಲ್ವಾ?”

“ರೇಷ್ಮೆಗೂಡೇನೋ ಚೆಂದಾಗಿ ಬಂತು.”

“ಅದ್ರ ಮಾತು ಬುಡಿ ಅತ್ತೆ.”

ಅತ್ತೆ ಬಲಗೈ ಬಗ್ಗಿಸಿ ಸೊಸೆಯ ಮುಂದೆ ಹಿಡಿದರು.

“ತಟ್ಟಾಗ ಕೈ ಹಿಂಗಿರ್ಬೇಕಾ?”

“ಇನ್ನೊಸಿ ಬಗ್ಗಿಸಿ. ನೀರು ಮೊಗಿಯೋ ಹಂಗೆ.”

ಸೊಸೆಯ ತೊಡೆಯ ಮೇಲೆ ಮಡಿಸಿಟ್ಟ ಮಗುವಿನ ಹೊದಿಕೆಯಿತ್ತು. ಅತ್ತೆ ಅದರ ಮೇಲೆ ಮೆಲ್ಲಗೆ ತಟ್ಟತೊಡಗಿದರು.

“ಆಸ್ಪತ್ರೇಲಿ ಮಗೀನ ಗಂಟ್ಲಿಂದ ಉಸ್ರಿನ ಪೈಪು ತೆಗುದ್ ಮೇಲೆ ನಾನೇ ತಟ್ತೀನಿ ಕಣವ್ವ. ಹುಳ ಏನಾರ ಆಗ್ಲಿ. ತೆಗೀತಾರೆ ಅಲ್ವಾ?”

“ಆಸ್ಪತ್ರೆ ಸ್ಟಾಪು ಬಂತು. ಏಳಿ ಅತ್ತೆ.”

ಸೊಸೆ ಹೊದಿಕೆಯನ್ನು ಎತ್ತಿಕೊಂಡು ಮುಂದೆ ನಡೆದಳು. ಹಿಂದೆ ಮೆಟ್ಟಿಲಿಳಿಯುತ್ತಿದ್ದ ಅತ್ತೆಯ ಬಲಗೈ, ತುಂಬಿದ ನೀರು ಚೆಲ್ಲಬಾರದೆಂಬಂತೆ, ಇನ್ನೂ ಬಾಗಿಯೇ ಇತ್ತು.